ದೊಡ್ಡಮ್ಮ ಮುಟ್ಟದ ಫೋಟೋ

ನಮ್ಮ ದೊಡ್ಡಮ್ಮ ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಮಾಡುತ್ತಿದ್ದಳು. ಅದು ಏನು ಕೆಲಸ ಎಂದು ಈಗ ಬಿಡಿಸಿ ಹೇಳಬೇಕು. ಆಗ ಕ್ಯಾಮೆರಾದಿಂದ ಮೊದಲು ಬರುತ್ತಿದ್ದುದು ನೆಗೆಟಿವ್. ಅದರಲ್ಲಿ ಲೋಕವೆಲ್ಲ ತಿರುಗುಮುರುಗು: ಕಪ್ಪು ಕೂದಲು ಬೆಳ್ಳಗೆ, ಬಿಳಿ ಅಂಗಿ ಕಪ್ಪಗೆ. ಮುಖದ ಮೊಡವೆ, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು, ಇವೆಲ್ಲ ಬೆಳಕು ಸೋರುವ ಸಣ್ಣ ಚುಕ್ಕೆಗಳಾಗಿ ಕಾಣುತ್ತಿದ್ದವು. ಸೂಜಿಯಂತೆ ಚೂಪು ಮಾಡಿದ ಸೀಸದಕಡ್ಡಿಯಿಂದ ಆ ಚುಕ್ಕೆಗಳನ್ನು ಮೆಲ್ಲಗೆ ತುಂಬಿದರೆ ಕಾಗದದ ಮೇಲೆ ಮುಖ ನಯವಾಗಿ ಮೂಡುತ್ತಿತ್ತು. ಬೆವರಿಗೋ ಎಣ್ಣೆಗೋ ಹೊಳೆದ ಜಾಗಗಳು ಮಾತ್ರ ನೆಗೆಟಿವ್‌ನಲ್ಲಿ ಕಪ್ಪಾಗಿ ಕೂರುತ್ತಿದ್ದವು. ಅವನ್ನು ಬ್ಲೇಡಿನ ಮೊನೆಯಿಂದ ಕೆರೆದು ತೆಗೆಯಬೇಕು. ಸೀಸದ ಗೆರೆಯನ್ನು ಒರೆಸಿದರೆ ಹೋಗುತ್ತದೆ. ಕೆರೆದದ್ದು ಮತ್ತೆ ಬರುವುದಿಲ್ಲ.

ಸ್ಟುಡಿಯೋದ ಒಳಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ, ಇಳಿಜಾರಾದ ಮರದ ಚೌಕಟ್ಟಿನ ಮುಂದೆ ಅವಳು ಕೂರುತ್ತಿದ್ದಳು. ಚೌಕಟ್ಟಿನ ನಡುವೆ ಮಬ್ಬುಗಾಜು, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಹಿಂದಿನಿಂದ ನೆಗೆಟಿವ್‌ಗೆ ಬರುತ್ತಿತ್ತು. ಅಂಗೈ ಅಗಲದ ಆ ಬೆಳಕಿನಲ್ಲಿ ಊರಿನ ಅರ್ಧ ಜನರ ಮುಖಗಳು ಮಲಗಿ ಎದ್ದುಹೋಗಿವೆ. ದಾರಿಯಲ್ಲಿ ಯಾರಾದರೂ ಎದುರಾಗಿ ನಕ್ಕರೆ ಅವಳಿಗೆ ಮೊದಲು ನೆನಪಾಗುತ್ತಿದ್ದುದು ಎಡಗೆನ್ನೆಯ ನರಹುಲಿ. ಹೆಸರು ಆಮೇಲೆ. ಮೈಮೇಲೆ ಮಾಂಸವಿಲ್ಲದ ಹೆಂಗಸು. ಸ್ಟುಡಿಯೋ ಯಜಮಾನರು ಅವಳನ್ನು ಸೀಸದಕಡ್ಡಿ ಎಂದೇ ಕರೆಯುತ್ತಿದ್ದರು.

"ಏನ್ ಸೀಸದಕಡ್ಡಿ, ಇವತ್ತು ಮೊನೆ ಮುರಿದಿದೆಯಾ? ಮಾತೇ ಇಲ್ಲ."

"ಮಾತಾಡಿದ್ರೆ ಕೈ ನಡುಗುತ್ತೆ ಯಜಮಾನ್ರೇ. ಆಮೇಲೆ ನಿಮ್ಮ ಗಿರಾಕಿಗೆ ಮೂರನೇ ಹುಬ್ಬು ಬಂದ್ರೆ ನನ್ನ ಕೇಳಬೇಡಿ."

ಆ ಸ್ಟುಡಿಯೋದಲ್ಲಿ ಒಂದು ಕಟ್ಟು ಇತ್ತು. ಟಚಿಂಗ್ ಆಗದ ನೆಗೆಟಿವ್ ಫೋಟೋ ಅಚ್ಚು ಹಾಕುವ ಕತ್ತಲಕೋಣೆಗೆ ಹೋಗಬಾರದು. ಗಿರಾಕಿ ಕೇಳಿದರೂ ಸರಿ, ಕೇಳದಿದ್ದರೂ ಸರಿ. "ಕನ್ನಡಿ ಎಲ್ಲರ ಮನೇಲೂ ಇದೆ. ಅದು ಹೇಳಿದ್ದನ್ನೇ ಇನ್ನೊಂದ್ಸಲ ಕೇಳೋಕೆ ನಮ್ಮ ಹತ್ರ ಯಾಕೆ ಬರ್ತಾರೆ?" ಎನ್ನುತ್ತಿದ್ದರು ಯಜಮಾನರು. ದೊಡ್ಡಮ್ಮ ಹುಡುಗಿಯಾಗಿದ್ದಾಗಲೇ ಅಲ್ಲಿ ಸೇರಿದವಳು. ಆ ಕಟ್ಟು ಅವಳಿಗೆ ರೂಢಿಯಾಗಿ, ರೂಢಿ ಹೋಗಿ ಕೈಯ ಗುಣವೇ ಆಗಿಬಿಟ್ಟಿತ್ತು.

ಅವಳು ಮದುವೆಯಾಗಲಿಲ್ಲ. ನನ್ನ ಅಪ್ಪ ನನಗೆ ನೆನಪು ಹತ್ತುವ ಮೊದಲೇ ತೀರಿಕೊಂಡಿದ್ದರು. ದೊಡ್ಡಮ್ಮ, ಅವಳ ತಂಗಿಯಾದ ನನ್ನ ಅಮ್ಮ, ನಾನು, ಹೀಗೆ ಮೂವರು ಸ್ಟುಡಿಯೋ ಹಿಂದಿನ ಓಣಿಯ ಎರಡು ಕೋಣೆಯ ಮನೆಯಲ್ಲಿದ್ದೆವು.

ಅಮ್ಮ ನಲ್ಲಿ ತಯಾರಿಸುವ ಕಾರ್ಖಾನೆಗೆ ಹೋಗುತ್ತಿದ್ದಳು. ನಲ್ಲಿಗಳಿಗೆ ಬೆಳ್ಳಿಯಂಥ ಹೊಳಪು ಕೊಡುವ ವಿಭಾಗ ಅವಳದು. ಕೊಕ್ಕೆಗಳಿಗೆ ನಲ್ಲಿಗಳನ್ನು ತಗುಲಿಸಿ, ಕಿತ್ತಳೆ ಬಣ್ಣದ ನೀರಿನ ತೊಟ್ಟಿಗೆ ಇಳಿಸಿ, ಕರೆಂಟು ಹರಿಸಿ, ಮೇಲೆತ್ತಬೇಕು. ಆ ನೀರು ಸದಾ ಗುಳ್ಳೆ ಏಳುತ್ತ ಸಣ್ಣ ಹನಿಗಳ ಮಂಜನ್ನು ಕಾರುತ್ತಿತ್ತು. ಮಂಜು ಕೂತ ಕೈಯಲ್ಲಿ ಸ್ವಲ್ಪ ದಿನಕ್ಕೆ ಒಂದು ತೂತು ಬೀಳುತ್ತಿತ್ತು. ಕಾಳಿನಷ್ಟಗಲದ, ಅಂಚು ಗಟ್ಟಿಯಾದ, ನೋವೇ ಇಲ್ಲದ ತೂತು. ಮೂಗಿನೊಳಗೂ ಹಾಗೆಯೇ. ಎರಡು ಹೊಳ್ಳೆಗಳ ನಡುವಿನ ಗೋಡೆ ಕರಗಿಹೋಗುತ್ತಿತ್ತು. ಅಮ್ಮನಿಗೆ ಮೂಗಿನ ಹೊರಗೂ ಹುಣ್ಣು ಇಳಿದಿತ್ತು. ಎಡಹೊಳ್ಳೆಯ ಅಂಚಿನಿಂದ ತುಟಿಯವರೆಗೆ, ಯಾವಾಗಲೂ ಒದ್ದೆಯಾಗಿ ಮಿನುಗುವ ಹುಣ್ಣು.

"ನಂಗೇನು, ಒಂದು ಹೊಳ್ಳೆ ಕಟ್ಟಿದ್ರೆ ಇನ್ನೊಂದರಲ್ಲಿ ಸೀತ್ಕೋತೀನಿ. ನಡುವೆ ಬಾಗಿಲೇ ಇಲ್ಲ, ಎಲ್ಲ ಒಂದೇ ಕೋಣೆ," ಎಂದು ಅಮ್ಮ ನಗುತ್ತಿದ್ದಳು. ನಗು ಅರ್ಧಕ್ಕೆ ಕೆಮ್ಮಾಗುತ್ತಿತ್ತು.

"ಸಾಕು ಬಿಡೇ ಪುಟ್ಟಿ," ಎನ್ನುತ್ತಿದ್ದಳು ದೊಡ್ಡಮ್ಮ. ಅವಳು ನಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಮ್ಮನ ಬಲಕ್ಕೇ ಕೂರುತ್ತಿದ್ದಳು. ಹುಣ್ಣಿದ್ದದ್ದು ಎಡಕ್ಕೆ.

ಕಾರ್ಖಾನೆಯ ಡಾಕ್ಟರು ಎಲ್ಲ ಹೆಂಗಸರಿಗೂ ಒಂದೇ ಮಾತು ಹೇಳುತ್ತಿದ್ದರು: ಸೋಪು ಹಾಕಿ ಚೆನ್ನಾಗಿ ಕೈ ತೊಳೆದುಕೊಳ್ಳಿ. ಈ ಮಾತು ಕೇಳಿ ಕೇಳಿ ಸಿಟ್ಟು ನೆತ್ತಿಗೇರಿದ್ದವಳು ಮೈಕಮ್ಮ. ಅದೇ ವಿಭಾಗದಲ್ಲಿ ಕೆಲಸ ಮಾಡಿ, ಬಾಯಿ ಮಾಡಿದ್ದಕ್ಕೆ ಕೆಲಸ ಕಳೆದುಕೊಂಡು, ಈಗ ಕೆಲಸಗಾರರ ಸಂಘ ನೋಡಿಕೊಳ್ಳುತ್ತಿದ್ದಳು. ಸಭೆಯಲ್ಲಿ ಅವಳಿಗೆ ಮೈಕು ಬೇಕಾಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಅವಳು ಬರೆದ ಅರ್ಜಿಗಳ ಮೇಲೆ ಕೊನೆಗೂ ಒಬ್ಬ ಅಧಿಕಾರಿ ವಿಚಾರಣೆ ಇಟ್ಟಿದ್ದರು, ಅದೂ ದೂರದ ದೊಡ್ಡ ಊರಿನಲ್ಲಿ. ಆ ದಿನ ರಜೆ ಹಾಕಿದವರು ಮರುದಿನ ಗೇಟಿನ ಹತ್ತಿರವೂ ಸುಳಿಯಬೇಕಾಗಿಲ್ಲ ಎಂದು ಕಾರ್ಖಾನೆಯವರು ಹೇಳಿಸಿದ್ದರು.

ಮೈಕಮ್ಮ ಒಂದು ಸಂಜೆ ಮನೆಗೆ ಬಂದು, ಹೊಸ್ತಿಲಲ್ಲೇ ನಿಂತು, ದೊಡ್ಡಮ್ಮನಿಗೆ ಹೇಳಿದಳು. "ಮಾತಾಡಿದ್ರೆ ಕೇಳಿಸ್ಕೊಳ್ಳಲ್ಲ. ಬರೆದುಕೊಟ್ರೆ ಓದಲ್ಲ. ಕಣ್ಣಿಗೆ ರಾಚಬೇಕು. ಇವರು ಬರೋಕಾಗಲ್ಲ ಅಂದ್ರೆ ಇವರ ಮುಖ ಬರಲಿ. ನೀನು ಫೋಟೋ ತೆಗೆದುಕೊಡು."

"ನಾನು ಟಚಿಂಗ್‌ನೋಳು ಕಣವ್ವ. ತೆಗೆಯೋರು ಯಜಮಾನ್ರು."

"ನಿಂಗೆ ಕ್ಯಾಮೆರಾ ಗೊತ್ತಿಲ್ವಾ?"

ದೊಡ್ಡಮ್ಮನಿಗೆ ಗೊತ್ತಿತ್ತು. ಅಮ್ಮ ಒಳಗಿನಿಂದ ಹೇಳಿದಳು. "ತೆಗಿಯೇ ಅಕ್ಕ. ಇಷ್ಟು ವರ್ಷ ಊರೋರ ಮುಖ ತಿದ್ದಿದ್ದೀಯ. ಒಂದು ಸಲ ನಮಗೋಸ್ಕರ ಕೆಲಸ ಮಾಡು."

ಯಜಮಾನರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಕಾರ್ಖಾನೆಯ ಗುರುತಿನ ಚೀಟಿಯ ಫೋಟೋಗಳೆಲ್ಲ ಅವರ ಸ್ಟುಡಿಯೋದವೇ. "ನಮ್ಮ ಕೆಲಸ ಇರೋದು ಜನರನ್ನ ಚಂದ ಕಾಣಿಸೋಕೆ. ಜಗಳಕ್ಕಲ್ಲ," ಎಂದರು. ದೊಡ್ಡಮ್ಮ ಅವರ ಎದುರು ನಿಂತು, "ಚಂದ ಕಾಣಿಸಿ ಕಾಣಿಸಿ, ನನ್ನ ತಂಗಿಗೆ ಏನಾಗಿದೆ ಅಂತ ನಂಗೇ ಕಾಣದ ಹಾಗಾಗಿದೆ ಯಜಮಾನ್ರೇ," ಎಂದಳಂತೆ. ಭಾನುವಾರ ಬಾಗಿಲು ಮುಚ್ಚಿಕೊಂಡು ಏನು ಬೇಕಾದರೂ ಮಾಡಿಕೊ, ನಾನು ಊರಲ್ಲಿ ಇರುವುದಿಲ್ಲ ಎಂದು ಯಜಮಾನರು ಬೀಗದ ಕೈ ಕೊಟ್ಟರು.

ಆ ಭಾನುವಾರ ನಮಗೆಲ್ಲ ಮದುವೆಮನೆಯ ಸಡಗರ. ಹೆಂಗಸರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಮೈಕಮ್ಮ ಬಾಗಿಲಲ್ಲೇ ತಲೆ ಚಚ್ಚಿಕೊಂಡಳು. "ಗಾಯ ತೋರಿಸಿ ಅಂದ್ರೆ ಸೀರೆ ಅಂಗಡಿ ಬೊಂಬೆಗಳ ಹಾಗೆ ಬಂದಿದ್ದೀರಲ್ರೇ." ಎಲ್ಲರಿಗಿಂತ ಉದ್ದವಿದ್ದ ಒಬ್ಬಳಿಗೆ ಏಣಿ ಎಂದು ಹೆಸರು. ಅವಳು ಸುಮ್ಮನಿರಲಿಲ್ಲ. "ಫೋಟೋ ಅಂದ್ರೆ ಫೋಟೋ ತಾನೇ ಮೈಕಮ್ಮ. ಗಾಯಕ್ಕೆ ಹರಿದ ಬಟ್ಟೆ ಹಾಕ್ಕೊಂಡು ಬಾ ಅಂತ ನೀನು ಮೊದಲೇ ಹೇಳಬೇಕಿತ್ತು."

ದೊಡ್ಡಮ್ಮ ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿಸಿ, ಕೈಗಳನ್ನು ಎದೆಯ ಹತ್ತಿರ ತೆರೆದಿಡಿಸಿ, ತೆಗೆದಳು. ಕೊನೆಗೆ ಅಮ್ಮ. ಅಮ್ಮ ಕೆಮ್ಮು ತಡೆದುಕೊಂಡು, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತ ಕೂತಳು. ಆಗಲೇ ಅವಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಮರುವಾರವೇ ಕಾರ್ಖಾನೆ ಬಿಟ್ಟಳು.

ಮುಂದೆ ನಡೆದದ್ದನ್ನು ದೊಡ್ಡಮ್ಮ ತಾನಾಗಿಯೇ ನನಗೆ ಹೇಳಿದ್ದಾಳೆ, ಒಂದೊಂದೇ ತುಣುಕಾಗಿ.

ಮೊದಲು ಬಂದವಳು ಏಣಿ. ಸ್ಟುಡಿಯೋ ಹಿಂಬಾಗಿಲಿಗೆ ಬಂದು, ಶಾಲಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು. "ಅಕ್ಕಾ, ಮಗಳ ಮದುವೆ ಮಾತು ನಡೀತಿದೆ. ಆ ಫೋಟೋ ಯಾರ್ಯಾರ ಕೈಗೆ ಹೋಗುತ್ತೋ. ತಾಯಿಗೆ ಏನೋ ದೊಡ್ಡ ರೋಗ ಅಂದ್ಕೋತಾರೆ. ಮೂಗಿನ ಹತ್ರ ಸ್ವಲ್ಪ ನೋಡಕ್ಕ. ಕೈ ಹಾಗೇ ಇರಲಿ, ಕೈಯಲ್ಲಿ ಇದ್ದೇ ಇದೆಯಲ್ಲ."

ಒಬ್ಬಳದಲ್ಲವೇ, ಉಳಿದವರದು ಇದೆಯಲ್ಲ ಎಂದುಕೊಂಡು ದೊಡ್ಡಮ್ಮ ಒಪ್ಪಿದಳು. ಆಮೇಲೆ ಇನ್ನೊಬ್ಬಳು ಬಂದಳು. ಅವಳ ಗಂಡನಿಗೆ ಅವಳ ಕೈ ಕಂಡರೆ ಅಸಹ್ಯವಂತೆ, ಫೋಟೋದಲ್ಲಾದರೂ ಕೈ ನೆಟ್ಟಗಿರಲಿ ಎಂದಳು. ಮತ್ತೊಬ್ಬಳು ಏನೂ ಕೇಳಲಿಲ್ಲ, ದೊಡ್ಡಮ್ಮನ ಮೇಜಿನ ಹತ್ತಿರ ನಿಂತು ಅತ್ತು ಹೋದಳು. ಪ್ರತಿಯೊಬ್ಬಳೂ ತಾನೊಬ್ಬಳೇ ಬಂದೆ ಎಂದುಕೊಂಡಿದ್ದಳು. ಪ್ರತಿ ಸಲವೂ ದೊಡ್ಡಮ್ಮ, ಉಳಿದವರದು ಇದೆಯಲ್ಲ ಎಂದುಕೊಂಡಿದ್ದಳು.

ಅಮ್ಮನ ನೆಗೆಟಿವ್ ಕೊನೆಯದು. ಅಮ್ಮ ಏನನ್ನೂ ಕೇಳಿರಲಿಲ್ಲ. ದೊಡ್ಡಮ್ಮ ಅದನ್ನು ಗಾಜಿನ ಮೇಲಿಟ್ಟು ನೋಡಿದಳು. ಒದ್ದೆ ಹುಣ್ಣು ಬೆಳಕಿಗೆ ಮಿನುಗಿದ್ದರಿಂದ ನೆಗೆಟಿವ್‌ನಲ್ಲಿ ಅದು ಕಪ್ಪು ಹರಳಿನಂತೆ ಮೂಗಿನ ಕೆಳಗೆ ಕೂತಿತ್ತು. ಹಾಗೇ ಕಳಿಸಬೇಕು ಎಂದೇ ಅಂದುಕೊಂಡಿದ್ದಳಂತೆ. ಅಂದುಕೊಳ್ಳುತ್ತಿರುವಾಗಲೇ ಕೈ ಬ್ಲೇಡು ಎತ್ತಿಕೊಂಡಿತ್ತು. ಕೆರೆದಳು. ಉಸಿರು ಬಿಗಿಹಿಡಿದು, ಗೆರೆ ಕಾಣದ ಹಾಗೆ, ಜೀವನದಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲವಂತೆ. ಕೆರೆದು ಮುಗಿದಾಗ ಗಾಜಿನ ಮೇಲೆ ಅವಳ ತಂಗಿ, ಕಾರ್ಖಾನೆಗೆ ಸೇರುವ ಮೊದಲಿನ ತಂಗಿ, ಅವಳನ್ನೇ ನೋಡುತ್ತಿದ್ದಳು.

"ಕೆಟ್ಟದ್ದು ಮಾಡ್ತಿದ್ದೀನಿ ಅನ್ನಿಸಲೇ ಇಲ್ಲ ಕಣೇ," ಎಂದಳು ನನಗೆ. "ಹಣೆ ಒರೆಸಿದ ಹಾಗೆ ಅನ್ನಿಸ್ತು."

ಫೋಟೋ ಹಂಚಿದ ದಿನ ಹೆಂಗಸರು ತಮ್ಮತಮ್ಮದನ್ನು ಎದೆಗೆ ಒತ್ತಿಕೊಂಡು ಹೋದರು. ಒಬ್ಬರದನ್ನೊಬ್ಬರು ಸರಿಯಾಗಿ ನೋಡಲಿಲ್ಲ. ಇನ್ನೊಂದೊಂದು ಪ್ರತಿ ಮೈಕಮ್ಮನ ಲಕೋಟೆಗೆ ಸೇರಿತು. ಬಸ್ಸಿಗೆ ಹೊತ್ತಾಗಿದೆ ಎಂದು ಅವಳೂ ತೆಗೆದು ನೋಡಲಿಲ್ಲ. ತೆಗೆದವಳ ಮೇಲೆ ಅಷ್ಟು ನಂಬಿಕೆ.

ವಿಚಾರಣೆಯಿಂದ ಅವಳು ವಾಪಸು ಬಂದಾಗ ಅವಳ ದನಿ ಕೇಳಿಸುತ್ತಿರಲಿಲ್ಲ. ನಮ್ಮ ಮನೆಯ ನೆಲದ ಮೇಲೆ ಕೂತು, ಗೋಡೆಗೆ ಹೇಳುವ ಹಾಗೆ ಹೇಳಿದಳು. ಅಧಿಕಾರಿ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರಂತೆ. ಕಾರ್ಖಾನೆಯ ವಕೀಲರು ಬಗ್ಗಿ ಒಂದೊಂದನ್ನೇ ನೋಡಿ, "ಸರ್, ಈ ತೊಟ್ಟಿ ಮುಂದೆ ನಿಂತ್ರೆ ಮೈಬಣ್ಣ ಹೀಗಾಗುತ್ತೆ ಅಂದ್ರೆ ನಮ್ಮನೆಯವಳನ್ನೂ ಕೆಲಸಕ್ಕೆ ಸೇರಿಸ್ತೀನಿ," ಎಂದರಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ. ಅಧಿಕಾರಿ ನಗಲಿಲ್ಲ, ಆದರೆ ಫೋಟೋಗಳನ್ನು ಒಟ್ಟುಮಾಡಿ ಕಡತದಲ್ಲಿಟ್ಟು, ಸರಿಯಾದ ಸಾಕ್ಷಿ ಇದ್ದರೆ ತನ್ನಿ ಎಂದು ವಿಚಾರಣೆ ಮುಂದೂಡಿದರಂತೆ.

"ಏನ್ ಮಾಡ್ದೆ ನೀನು?" ಎಂದಳು ಮೈಕಮ್ಮ. ಬೈಗುಳವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಮ್ಮ ಎದ್ದು ಒಳಗೆ ಹೋದಳು. ಹಾಸಿಗೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

"ನಂದೂ ಅಳಿಸಿದ್ಯಾ ಅಕ್ಕ?"

"ಹೂಂ."

"ನಾನು ಕೇಳಿರಲಿಲ್ವಲ್ಲೇ."

"ಇಲ್ಲ."

ಅಮ್ಮ ಹಾಸಿಗೆಯ ಎಡಬದಿ ತಟ್ಟಿ ಹೇಳಿದಳು. "ನೀನು ಯಾವತ್ತೂ ನನ್ನ ಈ ಕಡೆ ಕೂತವಳೇ ಅಲ್ಲ. ಇವತ್ತು ಈ ಕಡೆ ಬಾ."

ದೊಡ್ಡಮ್ಮ ಮಂಚ ಸುತ್ತಿ ಎಡಕ್ಕೆ ಹೋಗಿ ಕೂತಳು. ಅಮ್ಮ ಅವಳ ಕೈ ಹಿಡಿದು ತನ್ನ ಹುಣ್ಣಿನ ಅಂಚಿಗೆ ಮುಟ್ಟಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಇಬ್ಬರೂ ನನ್ನನ್ನು ನೋಡಲಿಲ್ಲ.

ಮರುದಿನದಿಂದಲೇ ದೊಡ್ಡಮ್ಮ ಉಳಿದವರ ನೆಗೆಟಿವ್‌ಗಳ ಸೀಸವನ್ನೆಲ್ಲ ಹತ್ತಿಯಿಂದ ಒರೆಸಿ ತೆಗೆದಳು. ಅಮ್ಮನದು ಕೆರೆದದ್ದು. ಅದಕ್ಕೆ ದಾರಿಯಿರಲಿಲ್ಲ. ಯಜಮಾನರ ಹಳೆಯ ಕ್ಯಾಮೆರಾವೊಂದನ್ನು ಮನೆಗೇ ತಂದು, ಕಿಟಕಿಯ ಪಕ್ಕ ದಿಂಬಿಟ್ಟು ಅಮ್ಮನನ್ನು ಕೂರಿಸಿದಳು. ಸ್ಟುಡಿಯೋದಲ್ಲಿ ದೀಪ ಯಾವಾಗಲೂ ಎದುರಿಗಿರುತ್ತಿತ್ತು, ಎದುರಿನ ಬೆಳಕಿಗೆ ಉಬ್ಬುತಗ್ಗು ಕಾಣುವುದಿಲ್ಲ, ಕೈಯ ತೂತುಗಳೂ ಅದಕ್ಕೇ ಹಳೆಯ ಫೋಟೋಗಳಲ್ಲಿ ಸರಿಯಾಗಿ ಮೂಡಿರಲಿಲ್ಲ. ಇಲ್ಲಿ ಅವಳು ಬೆಳಕನ್ನು ಪಕ್ಕದಿಂದ ಬಿಟ್ಟಳು. ಅಮ್ಮನ ಮೂಗು, ತುಟಿ, ಕೆನ್ನೆಯ ಗುಳಿ, ಕುತ್ತಿಗೆಯ ನರ, ಬೆರಳಿನ ಒಂದೊಂದು ತೂತು, ಎಲ್ಲ ನೆರಳು ಹಿಡಿದು ನಿಂತವು.

"ನಗಲಾ?" ಎಂದಳು ಅಮ್ಮ.

"ನಿನ್ನಿಷ್ಟ."

ಅಮ್ಮ ನಗಲಿಲ್ಲ. ಆ ನೆಗೆಟಿವ್ ಟಚಿಂಗ್ ಇಲ್ಲದೆ ಕತ್ತಲಕೋಣೆಗೆ ಹೋಯಿತು. ದೊಡ್ಡಮ್ಮ ಮೇಜಿನ ಮೇಲಿನ ಸೀಸದಕಡ್ಡಿ, ಬ್ಲೇಡು ಎರಡನ್ನೂ ನನ್ನ ಕೈಗೆ ಕೊಟ್ಟು, ಅದು ಅಚ್ಚಾಗುವವರೆಗೂ ಬಾಗಿಲ ಹೊರಗೆ ಹಿಡಿದುಕೊಂಡು ನಿಲ್ಲು ಎಂದಿದ್ದಳು. ತೊಳೆದ ಫೋಟೋ ಹಗ್ಗಕ್ಕೆ ಸಿಕ್ಕಿಸಿ ಹೊರಗೆ ಬಂದಾಗ ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಏನೂ ಮಾಡದೇ ಇರೋದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ," ಎಂದಳು.

ಅಮ್ಮ ಮುಂದಿನ ವಿಚಾರಣೆಯವರೆಗೆ ಉಳಿಯಲಿಲ್ಲ. ಆಸ್ಪತ್ರೆಯವರು ಶ್ವಾಸಕೋಶದ ಕಾಯಿಲೆ ಎಂದಷ್ಟೇ ಬರೆದರು. ಯಾವುದರಿಂದ ಎಂದು ಬರೆಯಲಿಲ್ಲ.

ಮನೆಗೆ ಬಂದ ನೆಂಟರು ಗೋಡೆಗೆ ಹಾಕಲು ಹಳೆಯ ಫೋಟೋವನ್ನೇ ಆರಿಸಿದರು, ಹುಣ್ಣಿಲ್ಲದ್ದನ್ನು. ಎಷ್ಟು ಲಕ್ಷಣವಾಗಿದ್ದಾಳೆ ಎಂದರು. ದೊಡ್ಡಮ್ಮ ಬೇಡ ಎನ್ನಲಿಲ್ಲ. ಮೊಳೆ ಹೊಡೆದದ್ದು ನಾನು.

ಎರಡನೆಯ ವಿಚಾರಣೆಗೆ ದೊಡ್ಡಮ್ಮ ತಾನೇ ಹೋದಳು, ಜೊತೆಗೆ ನಾನು. ಸಾಕ್ಷಿ ಹೇಳಲು ಬರುತ್ತೇನೆ ಎಂದಿದ್ದ ಯಜಮಾನರಿಗೆ ಆ ಬೆಳಿಗ್ಗೆ ಜ್ವರ. ಬಸ್ಸಿಳಿದು ಆ ಕಟ್ಟಡದ ಕಾರಿಡಾರಿಗೆ ಬಂದರೆ ಉದ್ದಕ್ಕೂ ಹೆಂಗಸರು. ಹೊಳಪಿನ ವಿಭಾಗದವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಯಾರು ಕರೆದದ್ದು ಎಂದು ಮೈಕಮ್ಮನಿಗೂ ಗೊತ್ತಿರಲಿಲ್ಲ. ಏಣಿ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಶಾಲು ಹೆಗಲ ಮೇಲಿತ್ತು. "ಹುಡುಗನ ಕಡೆಯೋರು?" ಎಂದು ದೊಡ್ಡಮ್ಮ ಪಿಸುಗುಟ್ಟಿದಳು. "ಬಂದ್ರೆ ಈ ಮೂಗು ನೋಡೇ ಬರಲಿ ಅಕ್ಕ," ಎಂದಳು ಏಣಿ. "ನಿನ್ನ ತಂಗೀನ ಕಳಿಸಿ ಬಂದ ದಿನದಿಂದ ನಂಗೆ ಆ ಫೋಟೋ ನೋಡೋಕಾಗ್ತಿಲ್ಲ. ಪೆಟ್ಟಿಗೆ ತಳಕ್ಕೆ ಹಾಕಿದ್ದೀನಿ."

ಒಳಗೆ ಒಬ್ಬೊಬ್ಬಳೂ ಮೇಜಿನ ಮುಂದೆ ಬಂದು ಕೈ ಚಾಚಿದಳು. ಅಧಿಕಾರಿ ಮೊದಲು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು, ಆಮೇಲೆ ಮುಂದಕ್ಕೆ ಬಗ್ಗಿದರು. ಏಣಿ ಸೊಂಟ ಬಗ್ಗಿಸಿ ಅವರ ಕಣ್ಣಿನ ಮಟ್ಟಕ್ಕೆ ಮುಖ ತಂದಳು. ಅವರು ಬರೆದುಕೊಳ್ಳತೊಡಗಿದರು. ವಕೀಲರು ಏನೋ ಹೇಳಹೊರಟಾಗ ಕೈಯೆತ್ತಿ ತಡೆದರು. ನನ್ನ ಎದೆ ಹಗುರಾಗಿತ್ತು. ಇಷ್ಟು ಆದ ಮೇಲೆ ಅಮ್ಮನದೂ ಆಗಿಯೇ ಆಗುತ್ತದೆ ಎಂದುಕೊಂಡೆ.

ಕೊನೆಗೆ ದೊಡ್ಡಮ್ಮ ಅಮ್ಮನ ಫೋಟೋ ಇಟ್ಟಳು, ಪಕ್ಕದಲ್ಲಿ ಅದರ ನೆಗೆಟಿವ್. ಅಧಿಕಾರಿ ಫೋಟೋ ನೋಡಿ ಒಂದು ಕ್ಷಣ ಕಣ್ಣು ಮುಚ್ಚಿದರು. ಆಗ ವಕೀಲರು ಎದ್ದರು. ಕಡತದಿಂದ ಹಳೆಯ ಫೋಟೋ ತೆಗೆದು ಇದರ ಪಕ್ಕದಲ್ಲಿಟ್ಟರು. ನಮ್ಮ ಗೋಡೆಯ ಮೇಲಿದ್ದ ಅಮ್ಮನೇ ಅಲ್ಲಿಯೂ.

"ಇದು ಈಕೆ ಕೆಲಸದಲ್ಲಿದ್ದಾಗ ತೆಗೆದದ್ದು ಸರ್. ಇದು ಕೆಲಸ ಬಿಟ್ಟ ಮೇಲೆ. ಕೆಲಸದಲ್ಲಿದ್ದಾಗ ಮುಖದ ಮೇಲೆ ಒಂದು ಗೆರೆಯೂ ಇಲ್ಲ. ಮನೆಗೆ ಹೋದ ಮೇಲೆ ಬಂದ ಕಾಯಿಲೆಗೆ ಕಾರ್ಖಾನೆ ಹೇಗೆ ಹೊಣೆ?"

"ಅದನ್ನ ನಾನು ಅಳಿಸಿದ್ದು ಸರ್," ಎಂದಳು ದೊಡ್ಡಮ್ಮ.

"ನೀವೇ ಅಳಿಸಿದ್ರಾ?" ವಕೀಲರ ದನಿ ಮೆತ್ತಗಾಯಿತು. "ಗೊತ್ತೇ ಆಗದ ಹಾಗೆ ಅಳಿಸಿದ್ದೀರಿ. ಒಳ್ಳೆ ಕೈ ನಿಮ್ಮದು. ಇದ್ದ ಗಾಯ ಅಳಿಸೋಕೆ ಬರುತ್ತೆ ಅಂದ್ರೆ, ಇಲ್ಲದ ಗಾಯ ಬರೆಯೋಕೂ ಬರುತ್ತೆ ಅಲ್ವಾ ಅಮ್ಮ?"

ಬರುವುದಿಲ್ಲ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅಲ್ಲಿದ್ದ ಯಾರಿಗೂ ಆ ಕೆಲಸ ಗೊತ್ತಿರಲಿಲ್ಲ.

"ಬರುತ್ತೆ," ಎಂದಳು ದೊಡ್ಡಮ್ಮ. "ಆದರೆ ಇದನ್ನ ನಾನು ಮುಟ್ಟಿಲ್ಲ."

"ಅದನ್ನ ಹೇಳ್ತಿರೋರೂ ನೀವೇ."

ಅಧಿಕಾರಿ ನೆಗೆಟಿವ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಕೂದಲಿನ, ಕಪ್ಪು ಮುಖದ ಒಬ್ಬ ಹೆಂಗಸು ಅವರಿಗೆ ಕಂಡಿರಬೇಕು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಏನೂ ಅರ್ಥವಾಗದೆ ಕೆಳಗಿಟ್ಟರು. "ನಾನು ನಿಮ್ಮನ್ನ ನಂಬಬಹುದು ಅಮ್ಮ," ಎಂದರು. "ಆದರೆ ನಾನು ಏನಂತ ಬರೀಲಿ?"

ಮೂರು ತಿಂಗಳಿಗೆ ಆದೇಶ ಬಂತು. ತೊಟ್ಟಿಗಳಿಗೆ ಮುಚ್ಚಳ, ಮಂಜು ಹೀರಿ ಹೊರಗೆ ಹಾಕುವ ಫ್ಯಾನು, ಕೈಗವಸು. ಗಾಯವಾದವರಿಗೆ ಚಿಕಿತ್ಸೆಯೂ ಪರಿಹಾರವೂ ಕಾರ್ಖಾನೆಯದೇ. ಕೈ ಚಾಚಿದವರೆಲ್ಲರ ಹೆಸರು ಅದರಲ್ಲಿತ್ತು. ಅಮ್ಮನ ಹೆಸರು ಇರಲಿಲ್ಲ.

ಆ ಸಂಜೆ ಹೆಂಗಸರು ನಮ್ಮ ಮನೆಗೆ ಬಂದರು. ಗೆದ್ದವರು ಬಂದ ಹಾಗಿರಲಿಲ್ಲ. ತಪ್ಪು ಮಾಡಿದವರ ಹಾಗೆ ಗೋಡೆಗೆ ಒತ್ತಿಕೊಂಡು ಕೂತರು. ನಾನು ಚಹಾ ಮಾಡಿ ಕೊಟ್ಟೆ, ಯಾರೂ ಕುಡಿಯಲಿಲ್ಲ. ಮೈಕಮ್ಮ ಲೋಟವನ್ನು ಕೈಯಲ್ಲಿ ತಿರುಗಿಸುತ್ತ, "ಮೇಲಿನ ಕೋರ್ಟಿಗೆ ಹೋಗೋಣ. ಬಿಡೋದು ಬೇಡ," ಎಂದಳು.

"ಏನ್ ತೋರಿಸ್ತೀಯ?" ಎಂದಳು ದೊಡ್ಡಮ್ಮ.

ಮೈಕಮ್ಮ ಲೋಟ ಕೆಳಗಿಟ್ಟಳು. ಏಣಿ ಅಳತೊಡಗಿದಳು. "ನಾನು ಕೇಳಬಾರದಿತ್ತು ಅಕ್ಕ. ಮೊದಲು ಬಂದೋಳು ನಾನೇ."

"ನೀವೆಲ್ಲ ಕೇಳಿದ್ರಿ. ಕೇಳೋದರಲ್ಲಿ ತಪ್ಪೇನಿದೆ? ಯಾರಿಗೆ ತಾನೇ ಚೆನ್ನಾಗಿ ಕಾಣೋಕೆ ಇಷ್ಟವಿಲ್ಲ?" ದೊಡ್ಡಮ್ಮ ಅವಳ ಬೆನ್ನು ಸವರಿದಳು. ಅವಳನ್ನು ಸಮಾಧಾನ ಮಾಡುವಾಗಲೂ ದೊಡ್ಡಮ್ಮನ ಕಣ್ಣು ಒಣಗಿಯೇ ಇತ್ತು. ಅಮ್ಮ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿಲ್ಲ.

ಅವತ್ತು ಅವರ ಜೊತೆ ಇನ್ನೂ ಒಬ್ಬಳು ಬಂದಿದ್ದಳು, ಬಾಗಿಲ ಹತ್ತಿರವೇ ಕೂತಿದ್ದಳು. ಅದೇ ಕಾರ್ಖಾನೆಯ ಉಜ್ಜುವ ವಿಭಾಗದವಳು. ಹೊಳಪು ಬರುವ ಮೊದಲು ನಲ್ಲಿಗಳನ್ನು ತಿರುಗುವ ಚಕ್ರಕ್ಕೆ ಹಿಡಿದು ಉಜ್ಜುವ ಆ ವಿಭಾಗ ಆದೇಶದಲ್ಲಿ ಇರಲೇ ಇಲ್ಲ. ಅವಳ ರೆಪ್ಪೆಗಳೆಲ್ಲ ಊದಿ, ಲೋಹದ ಧೂಳು ಕೂತು ಕಣ್ಣು ಕೆಂಪಗಾಗಿತ್ತು. "ನಮ್ಮದೂ ತೆಗೀತೀರಾ ಅಂತ ಕೇಳೋಕೆ ಬಂದೆ," ಎಂದಳು ತಡವರಿಸುತ್ತ. "ಇವತ್ತು ಬರಬಾರದಿತ್ತೇನೋ."

ಮೈಕಮ್ಮ ತಲೆ ತಗ್ಗಿಸಿದಳು.

ದೊಡ್ಡಮ್ಮ ಎದ್ದಳು. ಅಮ್ಮ ಕೂತಿದ್ದ ಕಿಟಕಿಯ ಹತ್ತಿರ ಹೋಗಿ, ಎದುರಿನ ದೀಪ ಆರಿಸಿ, ಪರದೆ ಸರಿಸಿ, ಪಕ್ಕದಿಂದ ಬರುವ ಸಂಜೆ ಬೆಳಕು ಸಾಲುತ್ತದೆಯೇ ಎಂದು ತನ್ನ ಅಂಗೈ ಎತ್ತಿ ನೋಡಿಕೊಂಡಳು. ಅಮ್ಮನಿಗಾಗಿ ತಂದಿದ್ದ ಕ್ಯಾಮೆರಾ ಅಲ್ಲೇ ಮೂಲೆಯಲ್ಲಿತ್ತು, ಅದನ್ನು ನಿಲ್ಲಿಸಿ ಕುರ್ಚಿ ಎಳೆದಳು. "ಬಾ, ಕೂತ್ಕೋ," ಎಂದಳು. "ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಇದ್ದದ್ದು ಇದ್ದ ಹಾಗೇ ಬರುತ್ತೆ. ಆಮೇಲೆ ಹಿಂಬಾಗಿಲಿಗೆ ಬಂದ್ರೆ ಬಾಗಿಲು ತೆಗೆಯಲ್ಲ. ಮೈಕಮ್ಮ, ನೀನೂ ಬಾ. ತೆಗೆಯೋವಾಗ, ತೊಳೆಯೋವಾಗ, ಅಚ್ಚು ಹಾಕೋವಾಗ, ನನ್ನ ಪಕ್ಕದಲ್ಲೇ ನಿಂತಿರು. ಇನ್ಮೇಲೆ ನನ್ನ ಮಾತೊಂದೇ ಸಾಕ್ಷಿ ಆಗಬಾರದು."

ಮೈಕಮ್ಮ ಎದ್ದು ಬಂದು ನಿಂತಳು.

ಆ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟು, ಎತ್ತಿ, ಮತ್ತೆ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕೂದಲಾದ್ರೂ ಸರಿಮಾಡ್ಕೊಳ್ಳಲಾ ಅಕ್ಕ?"

"ಮಾಡ್ಕೋ," ಎಂದಳು ದೊಡ್ಡಮ್ಮ. "ನಿಧಾನವಾಗಿ ಮಾಡ್ಕೋ."

ನಾನು ಬಾಚಣಿಗೆ ತಂದುಕೊಟ್ಟೆ. ಅವಳು ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದು, ಮತ್ತೆ ಹೆಣೆದುಕೊಳ್ಳುವವರೆಗೂ ದೊಡ್ಡಮ್ಮ ಕ್ಯಾಮೆರಾದ ಹಿಂದೆ ಕಾಯುತ್ತ ನಿಂತಳು. ಬೆಳಕು ಕಡಿಮೆಯಾಗುತ್ತಿತ್ತು. ಅವಸರ ಮಾಡು ಎಂದು ಯಾರೂ ಹೇಳಲಿಲ್ಲ.